ಸ್ಟಾಕ್ ಇಲ್ಲದ ಶನಿವಾರಗಳು

ಮಾರ್ಚ್ 2, ಬೆಳಿಗ್ಗೆ

‘ಬಂದವರಿಗಿಂತ ಬಾರದವರೇ ಮನೆ ತುಂಬ...’ — ಮುಂದೇನು? ತುಂಬಿದ್ದರು? ಕೂತಿದ್ದರು? ಎಂ.ಎ. ಓದುವಾಗ ಕಾರಿಡಾರಿನಲ್ಲಿ ಯಾರೋ ಹೇಳಿದ ಸಾಲು. ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ, ಬಾಲ ಮಾತ್ರ ಸಿಗುತ್ತಿಲ್ಲ.

ಅಲ್ಲ, ಅದು ನಿಜವೇ? ಬಾರದವರು ಮನೆ ತುಂಬುತ್ತಾರೆಯೇ? ನಮ್ಮ ಮನೆಯ ಹಾಲ್ ನೋಡಿದರೆ ಹಾಗೇನೂ ಅನ್ನಿಸುವುದಿಲ್ಲ. ಹೋದದ್ದು ಹೋಯಿತು, ಜಾಗ ಖಾಲಿ. ಟೀವಿಯ ಕೆಳಗಿನ ಹಲಗೆಯಲ್ಲಿ ಸುತ್ತ ಧೂಳು, ನಡುವೆ ಶುಭ್ರವಾದ ಒಂದು ಚೌಕ. ಅಲ್ಲಿ ಗೇಮ್ ಮಷೀನು ಇತ್ತು.

ಟೀ ಆಯಿತು. ಪ್ರೆಸ್ಸಿನಿಂದ ಬಂದ ಕರಡು ಮೇಜಿನ ಮೇಲಿದೆ — ಆರನೇ ತರಗತಿಯ ವಿಜ್ಞಾನ. ತಿದ್ದಬೇಕು. ಮನಸ್ಸಿಲ್ಲ.

ಮಷೀನು ತಂದವರು ಇವರು. ಒಂದು ವಾರ ಗುದ್ದಾಡಿ, ಬೇಜಾರಾಗಿ, ಬಿಟ್ಟರು. ಅತ್ತೆ ಕೈಗೆತ್ತಿಕೊಂಡರು. ಆಮೇಲೆ ನನ್ನನ್ನೂ ಕೂರಿಸಿಕೊಂಡರು. ದೋಣಿಯ ಆಟ. ಒಂದೇ ದೋಣಿ, ಇಬ್ಬರು ಒಂದೊಂದು ಕಂಟ್ರೋಲರ್ ಹಿಡಿದು ಹುಟ್ಟು ಹಾಕಬೇಕು. ಎಡ ಹುಟ್ಟು ಅವರದು, ಬಲ ನನ್ನದು. ಒಬ್ಬರು ಆತುರಪಟ್ಟರೆ ದೋಣಿ ಗಿರಗಿರ ಸುತ್ತಿ ಬಂಡೆಗೆ ಬಡಿಯುತ್ತದೆ.

ಅದಕ್ಕೆ ಮುಂಚೆ ನಮ್ಮಿಬ್ಬರ ನಡುವೆ ಮಾತು ಅಂದರೆ — ‘ಉಪ್ಪು ಸಾಕಾ?’ ‘ಸಾಕು.’ ಜಗಳವಿಲ್ಲ, ಮುನಿಸಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಸಭ್ಯ ಅತಿಥಿಗಳು. ದೋಣಿಯಲ್ಲಿ ಕೂತ ಮೇಲೆ ಅತ್ತೆಗೆ ಬಾಯಿ ಬಂತು. ಕಣ್ಣು ಪರದೆಯ ಮೇಲೆ, ಕೈ ಬಟನ್ನಿನ ಮೇಲೆ, ಮಾತು ತಾನಾಗಿ ಹೊರಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇಡೀ ಆಯುಷ್ಯ ಲೈನು ಜೋಡಿಸುವ ಬೋರ್ಡು ನೋಡುತ್ತ ಮಾತಾಡಿದವರು. ಮುಖ ನೋಡಿಕೊಂಡು ಮಾತಾಡು ಅಂದರೆ ಬಾಯಿ ಕಟ್ಟುತ್ತದೆ. ನನಗೂ ಅಷ್ಟೇ, ಎಕ್ಸ್‌ಚೇಂಜಿನ ನೆಪ ಮಾತ್ರ ಇಲ್ಲ.

ಮಷೀನು ಕಳೆದ ತಿಂಗಳು ಸತ್ತಿತು. ರಿಪೇರಿ ಅಂಗಡಿಯವನು ಮುಚ್ಚಳ ಕೂಡ ಬಿಚ್ಚಲಿಲ್ಲ. ‘ಪಾರ್ಟ್ ನಿಲ್ಲಿಸಿಬಿಟ್ಟಿದ್ದಾರೆ ಮೇಡಂ. ಹೊಸದು ಬರ್ತಿದೆಯಲ್ಲ, ಹಳೇದು ಯಾರಾದ್ರೂ ರಿಪೇರಿ ಮಾಡಿಸ್ತಾರಾ?’

ಅಂದಿನಿಂದ ಮತ್ತೆ — ಉಪ್ಪು ಸಾಕಾ, ಸಾಕು.

ಸಂಜೆ

ನಾದಿನಿ ಫೋನು ಮಾಡಿದ್ದಳು. ‘ಅಮ್ಮ ತೀರಾ ಮಂಕಾಗಿದ್ದಾಳೆ ಅತ್ತಿಗೆ. ತಿಂಗಳ ಕೊನೆಗೆ ಬಂದು ಕರ್ಕೊಂಡು ಹೋಗ್ತೀನಿ. ಇಲ್ಲಿ ಮಕ್ಕಳಿದ್ದಾರೆ, ಗಲಾಟೆ ಇರುತ್ತೆ. ಇನ್ನು ಇಲ್ಲೇ ಇದ್ದುಬಿಡಲಿ.’

‘ಬೇಡ’ ಅನ್ನುವುದಕ್ಕೆ ನಾನು ಯಾರು? ಅವಳ ತಾಯಿ. ‘ಹೂಂ’ ಅಂದೆ.  ಅತ್ತೆಗೆ ‘ಇರಿ’ ಅಂತ ಒಂದು ಮಾತು ಹೇಳಿದರೆ ಮುಗಿಯಿತು. ಎರಡು ಅಕ್ಷರ. ಬಾಯಿಗೆ ಬರುವುದಿಲ್ಲ.

ಆದರೆ ಹೊಸ ಮಷೀನು ಶುಕ್ರವಾರ ಬಿಡುಗಡೆ! ಅದರಲ್ಲಿ ಹೊಸ ನದಿ. ಜಲಪಾತ ಬೇರೆ ಇದೆಯಂತೆ. ತಂದು ಆ ಚೌಕದಲ್ಲಿ ಇಟ್ಟುಬಿಟ್ಟರೆ... ಅತ್ತೆ ಹೋಗಲಾರರು. ಹೋಗುವುದಿಲ್ಲ. ನೋಡೋಣ.

ಮಾರ್ಚ್ 6, ಮಧ್ಯಾಹ್ನ

ಅಯ್ಯೋ, ನನ್ನ ಬುದ್ಧಿಗಿಷ್ಟು.

ಆನ್‌ಲೈನ್ ಮಾರಾಟ ಹನ್ನೆರಡಕ್ಕೆ. ಹತ್ತರಿಂದ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ನಿಮಿಷಕ್ಕೊಮ್ಮೆ ಗಡಿಯಾರ ನೋಡಿದೆ. ಪರೀಕ್ಷೆಯ ಹಾಲಿನಲ್ಲಿ ಕೂಡ ಹೀಗೆ ನೋಡಿರಲಿಲ್ಲ. ಅತ್ತೆ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಹನ್ನೆರಡು. ಒತ್ತಿದೆ. ಸಿಕ್ಕಿತು! ಬುಟ್ಟಿಯಲ್ಲಿ ಬಿತ್ತು! ಅತ್ತೆ ನನ್ನ ಭುಜ ಹಿಂಡಿದರು. ವಿಳಾಸ ತುಂಬಿದೆ. ಕೊನೆಗೆ ಒಂದು ಪುಟ — ಷರತ್ತುಗಳು. ಕೆಳಗೆ ಚೌಕ: ‘ಪೂರ್ತಿ ಓದಿ ಒಪ್ಪಿದ್ದೇನೆ.’

ಓದದೆ ಓದಿದ್ದೇನೆ ಅನ್ನುವುದು ಹೇಗೆ? ಇಷ್ಟು ವರ್ಷ ಕರಡು ತಿದ್ದಿದ ಕಣ್ಣು. ಮೊದಲ ಸಾಲಿಗೆ ಇಳಿಯಿತು. ಅಲ್ಲಿಂದ ಎರಡನೆಯದಕ್ಕೆ. ನಾಲ್ಕನೇ ಕಲಮು ಮತ್ತು ಒಂಬತ್ತನೇ ಕಲಮು ಒಂದಕ್ಕೊಂದು ವಿರುದ್ಧ ಮಾತಾಡುತ್ತಿವೆ ಅಂತ ಕೂಡ ಕಂಡುಹಿಡಿದೆ. ಖುಷಿಯಾಯಿತು.

‘ಏನೇ ಮಾಡ್ತಿದ್ದೀಯ?’ ಅಂದರು ಅತ್ತೆ.

‘ಓದ್ತಿದ್ದೀನಿ ಅತ್ತೆ.’

‘ಯಾಕೆ?’

 ಚೌಕ ಒತ್ತಿದೆ. ‘ಕ್ಷಮಿಸಿ, ಸ್ಟಾಕ್ ಮುಗಿದಿದೆ.’

ಪ್ರಪಂಚದಲ್ಲಿ ಆ ಷರತ್ತುಗಳನ್ನು ಪೂರ್ತಿ ಓದಿದ ಏಕೈಕ ಹೆಂಗಸು ನಾನು. ಬಹುಮಾನ ಇದು.  ಅತ್ತೆ ಎದ್ದು ಹೋಗುವಾಗ ಅವರ ಬೆನ್ನು ಅಲುಗಾಡುತ್ತಿತ್ತು. ಅಳುವೇ ಅಂದುಕೊಂಡು ಹಿಂದೆ ಓಡಿದೆ. ನಗು.

ಮಾರ್ಚ್ 9

ಎದುರು ಮನೆಯವರು ಮೆಟ್ಟಿಲಲ್ಲಿ ಸಿಕ್ಕಿದರು. ಸರಕು ವ್ಯಾನು ಓಡಿಸುತ್ತಾರೆ. ಮನೆಯಲ್ಲಿ ನಾವು ಅವರನ್ನು ಕರೆಯುವುದು ಲೌಡ್‌ಸ್ಪೀಕರ್ ಎಂದು. ಅವರ ಪಿಸುಮಾತು ಕೂಡ ಮೇಲಿನ ಮಹಡಿಗೆ ಕೇಳುತ್ತದೆ.

ಗುಟ್ಟು ಹೇಳುವವರ ಹಾಗೆ ಬಾಗಿ, ಇಡೀ ಕಟ್ಟಡಕ್ಕೆ ಹೇಳಿದರು: ‘ಸ್ಟಾಕ್ ಇಲ್ಲ ಅಂತಾರಾ? ಯಾರು ಹೇಳಿದ್ದು? ಗೋಡೌನಲ್ಲಿ ಸೂರಿನವರೆಗೂ ಪೇರಿಸಿದ್ದಾರೆ ಕಣಮ್ಮಾ. ನಾನೇ ಇಳಿಸಿ ಬಂದಿದ್ದು. ಸೀಲ್ ಹಾಕಿ ಇಟ್ಟಿದ್ದಾರೆ. ವಾರಕ್ಕೆ ಒಂದಿಷ್ಟು ಬಿಡಿ, ಜನ ಕ್ಯೂ ನಿಲ್ಲಲಿ, ಫೋಟೋ ಬರಲಿ ಅಂತ ಮೇಲಿಂದ ಆರ್ಡರು.’

ಮೈ ಉರಿಯಿತು. ಇದ್ದದ್ದನ್ನು ಇಲ್ಲ ಅನ್ನುವುದು! ‘ನಮಗೊಂದು ತೆಗೆಸಿಕೊಡೋಕೆ ಆಗಲ್ವಾ?’ ಅಂದೆ.

‘ಈಗ ಆಗಲ್ಲ. ಸೀಲ್ ಒಡೆಯೋ ದಿನ ನಾನೇ ಅಲ್ಲಿರ್ತೀನಿ. ಬಾಗಿಲು ತೆಗೀತಿದ್ದ ಹಾಗೇ ಮೊದಲನೇದು ನಿಮಗೆ. ಮಾತು ಕೊಟ್ಟೆ, ಹೋಗಿ.’

ಯಾವ ಕಾಲಕ್ಕೋ. ಅಷ್ಟರಲ್ಲಿ ನಾದಿನಿ ಬಂದಿರುತ್ತಾಳೆ.

ದೊಡ್ಡ ಅಂಗಡಿಯಲ್ಲಿ ಶನಿವಾರ ಬೆಳಿಗ್ಗೆ ಟೋಕನ್ ಕೊಡುತ್ತಾರಂತೆ. ಮುಂಚೆ ಬಂದವರಿಗೆ ಮುಂಚೆ. ಊಟಕ್ಕೆ ಕೂತಾಗ ಹೇಳಿದೆ. ಅತ್ತೆ ತಟ್ಟೆಯಿಂದ ತಲೆಯೆತ್ತದೆ: ‘ನಾನೂ ಬರ್ತೀನಿ. ಮಡಚೋ ಸ್ಟೂಲ್ ಎಲ್ಲಿದೆ?’

ಇವರು: ‘ಅಮ್ಮಾ, ಈ ವಯಸ್ಸಲ್ಲಿ ಗೇಮಿಗೆ ಕ್ಯೂ ನಿಲ್ತೀಯಾ?’

‘ನಿನ್ನ ಸ್ಕೂಲ್ ಸೀಟಿಗೆ ನಿಂತಿದ್ದೆ. ಅದರಿಂದ ಏನು ಬಂತು? ಇದಕ್ಕಾದರೂ ನಿಲ್ತೀನಿ ಬಿಡು.’

ಮಾರ್ಚ್ 14, ಶನಿವಾರ, ಮಧ್ಯಾಹ್ನ

ಬರೆಯಬೇಕು, ಮರೆಯುವ ಮುಂಚೆ ಎಲ್ಲ ಬರೆಯಬೇಕು!

ನಸುಕಿನಲ್ಲೇ ಹೋದರೂ ನಮಗಿಂತ ಮುಂಚೆ ಸಾಲು ಬೆಳೆದಿತ್ತು. ಶಟರಿನ ಮೇಲೆ ಬೋರ್ಡು — ‘ಸೀಮಿತ ಸ್ಟಾಕ್’. ಎಣ್ಣೆಬಣ್ಣದಲ್ಲಿ ಬರೆದದ್ದು. ಮುಗಿಯುವ ಸರಕಿಗೆ ಅಳಿಸಲಾಗದ ಬೋರ್ಡು. ಮುಂದೆ ಒಬ್ಬ ವಕೀಲರು, ಅವರ ಮುಂದೆ ದಿಂಬು ಹಿಡಿದುಕೊಂಡ ಒಂದು ಸಂಸಾರ. ನಮ್ಮ ಹಿಂದೆ ಒಬ್ಬ ಯುವಕ — ಹೆಲ್ಮೆಟ್ ತೆಗೆಯಲೇ ಇಲ್ಲ. ಆಫೀಸಿಗೆ ಹುಷಾರಿಲ್ಲ ಅಂತ ಫೋನು ಮಾಡಿ ಬಂದಿದ್ದಾನಂತೆ. ‘ಯಾರಾದ್ರೂ ಫೋಟೋ ಹಾಕಿಬಿಟ್ಟರೆ ಆಂಟೀ...’

ಅತ್ತೆ ಸ್ಟೂಲಿನ ಮೇಲೆ. ನಾನು ಪಕ್ಕದಲ್ಲಿ. ಇಬ್ಬರ ಕಣ್ಣೂ ಶಟರಿನ ಮೇಲೆ.

ವ್ಯಾನಿನವರು ಹೇಳಿದ ಗೋಡೌನಿನ ಸುದ್ದಿ ಹೇಳಿದೆ. ಇದು ಮೋಸ ಅಲ್ಲವೇ ಅತ್ತೆ, ಇಟ್ಟುಕೊಂಡು ಇಲ್ಲ ಅನ್ನುವುದು?

‘ನಾನೂ ಮಾಡಿದ್ದೀನಿ’ ಅಂದರು.

ತಿರುಗಿ ನೋಡಲು ಹೊರಟೆ. ತಡೆದುಕೊಂಡೆ. ಶಟರನ್ನೇ ನೋಡಿದೆ. ಮಾತು ಬಂತು — ದೋಣಿಯಲ್ಲಿ ಬರುತ್ತಿದ್ದ ಹಾಗೆಯೇ!

‘ಎಕ್ಸ್‌ಚೇಂಜಿಗೆ ಸೇರಿದ ಹೊಸದು. ಒಬ್ಬ ದಿನಾ ದೂರದ ಊರಿಗೆ ಟ್ರಂಕ್ ಕಾಲ್ ಕೇಳೋನು. ಸಿಮೆಂಟ್ ಆಫೀಸಿಂದ. ಎಲ್ಲರೂ ಕಿರುಚೋರು, ಬೇಗ ಕೊಡಮ್ಮಾ, ಬೇಗ ಕೊಡಮ್ಮಾ ಅಂತ. ಈ ಮನುಷ್ಯ ಮಾತ್ರ, ನಿಧಾನ ಆಗಲಿ ಪರವಾಗಿಲ್ಲ, ನಾನು ಹಿಡ್ಕೊಂಡಿರ್ತೀನಿ ಅನ್ನೋನು. ಹಿಡ್ಕೊಂಡು ಸುಮ್ಮನಿರಲ್ಲ. ಏನೋ ಗುನುಗೋನು.’

‘ಹಾಡು?’

‘ಹಾಡಲ್ಲ. ಸ್ವರವೂ ಸರಿಯಿಲ್ಲ. ತಾಳವೂ ಇಲ್ಲ. ಆದ್ರೆ ಕೇಳ್ತಾ ಇರಬೇಕು ಅನ್ನಿಸೋದು. ಲೈನ್ ಖಾಲಿ ಇರೋದು, ಕಣ್ಣ ಮುಂದೇನೇ ಕಾಣ್ತಿರೋದು. ನಾನು — ಲೈನ್ ಬಿಜಿ ಇದೆ, ಸ್ವಲ್ಪ ಕಾಯಿರಿ ಅನ್ನೋಳು.’

ಹೆಲ್ಮೆಟ್ ನಮ್ಮ ಕಡೆ ಬಾಗಿತ್ತು. ಕೇಳಿಸುವುದಿಲ್ಲವೆಂದು ಕೊನೆಗೆ ತೆಗೆದೇಬಿಟ್ಟ.

‘ಆಮೇಲೆ ಅಜ್ಜೀ?’

ಆಮೇಲೆ ಶಟರ್ ಮೇಲೆದ್ದಿತು. ನೂಕುನುಗ್ಗಲು. ಟೋಕನ್ ವಕೀಲರ ತನಕವೂ ಬರಲಿಲ್ಲ. ‘ಮುಂದಿನ ಶನಿವಾರ ಬನ್ನಿ’ ಅಂದರು. ಎಲ್ಲರೂ ಬೈದುಕೊಂಡು ಹೋದರು. ನಾನೂ ಬೈದೆ. ಆದರೆ ಒಳಗೊಳಗೆ... ಯಾರು ಆ ಸಿಮೆಂಟ್ ಆಫೀಸಿನವನು? ತೀರಿಹೋದ ಮಾವನೇ? ಬೇರೆ ಯಾರಾದರೂ?

ಮಾರ್ಚ್ 16

ಮನೆಯಲ್ಲಿ ಮತ್ತೆ ಮೌನ. ಉಪಾಯ ಹೊಳೆಯಿತು. ಟೀವಿ ಮುಂದೆ ಸೋಫಾದಲ್ಲಿ ಅತ್ತೆಯ ಪಕ್ಕ ಹೋಗಿ ಕೂತೆ. ಇಬ್ಬರೂ ಮುಂದೆ ನೋಡುತ್ತಿದ್ದೇವೆ, ಇನ್ನೇನು ಬೇಕು? ‘ಅತ್ತೆ, ಆ ಟ್ರಂಕ್ ಕಾಲಿನವನು...’

ಆಫ್ ಆಗಿದ್ದ ಟೀವಿಯ ಕಪ್ಪು ಗಾಜಿನಲ್ಲಿ ನಾವಿಬ್ಬರೂ ಕಾಣಿಸುತ್ತಿದ್ದೆವು. ಗಾಜಿನಲ್ಲೇ ಕಣ್ಣು ಕೂಡಿತು. ಅತ್ತೆ ‘ಹಾಲು ಉಕ್ಕುತ್ತೇನೋ’ ಅಂತ ಎದ್ದು ಹೋದರು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಶನಿವಾರ ಬೇಗ ಬರಬಾರದೇ.

ಮಾರ್ಚ್ 21, ಶನಿವಾರ

ಇವತ್ತು ಸಿಕ್ಕಿತ್ತು! ಕೈಯಲ್ಲಿತ್ತು!

ಮೊದಲಿನಿಂದ ಬರೆಯುತ್ತೇನೆ. ಕತ್ತಲಲ್ಲೇ ಎದ್ದು ಓಡಿದೆವು. ಸಾಲಿನ ಮುಂಭಾಗದಲ್ಲೇ ಜಾಗ. ಹೆಲ್ಮೆಟ್ ಓಡೋಡಿ ಬಂದು ನಮ್ಮ ಹಿಂದೆ ನಿಂತ. ಮೊದಲ ಮಾತೇ, ‘ಅಜ್ಜೀ, ಲೈನ್ ಬಿಜಿ ಅಂದ್ರಿ. ಆಮೇಲೆ?’ ವಕೀಲರು ಕೂಡ ಪೇಪರ್ ಮಡಿಚಿಟ್ಟರು.

ಅತ್ತೆ ಶಟರಿಗೆ ಹೇಳಿದರು. ಒಂದು ದಿನ ಆ ಮನುಷ್ಯನ ಕರೆ ಬರಲಿಲ್ಲ. ಮರುದಿನವೂ ಇಲ್ಲ. ಬೋರ್ಡಿನಲ್ಲಿ ಅವನ ದೀಪ ಹತ್ತಲಿಲ್ಲ. ‘ಜಾಸ್ತಿ ಕಾಯಿಸಿಬಿಟ್ಟೆ ಅಂದುಕೊಂಡೆ. ಎಲ್ಲರಿಗೂ ಪಟಪಟ ಅಂತ ಲೈನ್ ಕೊಟ್ಟುಬಿಟ್ಟೆ ಅವತ್ತು. ಸೂಪರ್‌ವೈಸರ್ ಬಂದು ಮೈಗೆ ಹುಷಾರಿದೆಯಾ ಅಂತ ಕೇಳಿದ್ರು. ಮೂರನೇ ದಿನ ಎಕ್ಸ್‌ಚೇಂಜಿನ ಬಾಗಿಲಲ್ಲಿ ಒಬ್ಬ ಬಂದು ನಿಂತಿದ್ದ. ಯಾರು ಬೇಕು ಅಂದೆ. ದೂರು ಕೊಡಬೇಕಿತ್ತು ಅಂದ. ದನಿ ಕೇಳಿದ ಕೂಡಲೆ ಗುರುತು ಸಿಕ್ಕಿತು.’

‘ಯಾರ ಮೇಲೆ ದೂರು?’ — ನಾನು, ಹೆಲ್ಮೆಟ್, ವಕೀಲರು, ಒಟ್ಟಿಗೆ.

ಶಟರ್ ಎದ್ದಿತು.

ಟೋಕನ್ ಸಿಕ್ಕಿತು. ಒಳಗೆ ಹೋದೆವು. ಅಂಗಡಿಯವನು ಪೆಟ್ಟಿಗೆ ಎತ್ತಿ ಕೌಂಟರಿನ ಮೇಲಿಟ್ಟ — ‘ಇವತ್ತಿಗೆ ಇದೇ ಲಾಸ್ಟ್ ಪೀಸ್.’ ಬಿಳಿ ಪೆಟ್ಟಿಗೆ, ಮೇಲೆ ಆ ಹೊಸ ನದಿಯ ಚಿತ್ರ. ಮುಟ್ಟಿದೆ. ಮುಟ್ಟಿದೆ ನಾನು!

ಅಷ್ಟರಲ್ಲಿ ಅತ್ತೆ ಹಿಂದೆ ತಿರುಗಿ ಹೆಲ್ಮೆಟ್‌ನವನಿಗೆ: ‘ನೀನು ತಗೊಂಡು ಹೋಗಪ್ಪ. ಎರಡೆರಡು ಸಲ ಸುಳ್ಳು ರಜೆ ಹಾಕಿದ್ದೀಯ. ನಮಗೇನು ಆತುರ?’

ಅವನು ಬೇಡಬೇಡ ಅಂತಲೇ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೋದ. ನನಗೆ ಕಣ್ಣಲ್ಲಿ ನೀರು. ನಮಗೇನು ಆತುರವೇ? ಇನ್ನು ಹತ್ತು ದಿನಕ್ಕೆ ನಾದಿನಿ ಬರುತ್ತಾಳೆ. ಬಸ್ಸಿನಲ್ಲಿ ಅವರಿಗೆ ಮುಂದೆ ಸೀಟು, ನಾನು ಹಿಂದೆ ನೇತಾಡುತ್ತ. ಅದೇ ಒಳ್ಳೆಯದಾಯಿತು. ಹತ್ತಿರ ಇದ್ದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಅವರಿಗೆ ಹೋಗುವ ಮನಸ್ಸೇ ಇರಬೇಕು. ಇಲ್ಲದಿದ್ದರೆ ಯಾರು ಹಾಗೆ ಕೊಟ್ಟುಬಿಡುತ್ತಾರೆ?

ಮಾರ್ಚ್ 23, ಬೆಳಿಗ್ಗೆ

ಕದ್ದು ಕೇಳುವುದು ತಪ್ಪು. ಆದರೆ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗಲೇಬೇಕಿತ್ತು. ಅತ್ತೆಯ ಕೋಣೆಯ ಕಿಟಕಿ ತೆರೆದಿತ್ತು. ನಾದಿನಿಯ ಜೊತೆ ಫೋನಿನಲ್ಲಿ:

‘ಇಲ್ಲ ಕಣೇ, ಹಾಗೆ ಬರೋಕಾಗಲ್ಲ. ಮಷೀನ್ ಬರಲಿ... ಬಂದ ಮೇಲೆ ನಾವಿಬ್ಬರೂ ಕೂತು ಹೊಸ ನದಿ ಒಂದು ಸಲ ದಾಟಿ ಮುಗಿಸಬೇಕು. ಅವಳಿಗೆ ಮಾತು ಕೊಟ್ಟಿದ್ದೀನಿ... ನಾನೇನು ಮಾಡಲಿ, ಸ್ಟಾಕ್ ಇಲ್ಲ ಅಂತಾರೆ. ಎಷ್ಟು ಕ್ಯೂ ನಿಂತರೂ ಇಲ್ಲ... ಹೂಂ. ಸಿಕ್ಕಿದ ಮೇಲೆ ನೋಡೋಣ.’

ಮಾತು ಕೊಟ್ಟಿದ್ದಾರೆಯೇ? ನನಗೆ? ಯಾವಾಗ?

ಒದ್ದೆ ಟವೆಲ್ ಹಿಡಿದುಕೊಂಡು ನಿಂತೇ ಇದ್ದೆ. ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

ಲೈನ್ ಖಾಲಿ ಇದೆ. ಕಣ್ಣ ಮುಂದೇನೇ ಕಾಣುತ್ತಿದೆ. ಅತ್ತೆ — ‘ಬಿಜಿ ಇದೆ, ಕಾಯಿರಿ’ ಅನ್ನುತ್ತಿದ್ದಾರೆ!

ಮಷೀನು ಸಿಕ್ಕರೆ ಅವರು ಉಳಿಯುತ್ತಾರೆ ಅಂತ ನಾನು ಓಡುತ್ತಿದ್ದೆ. ಸಿಗದಿದ್ದರೆ ಉಳಿಯಬಹುದು ಅಂತ ಅವರು ನನ್ನ ಜೊತೆ ಓಡುತ್ತಿದ್ದರು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ಅವರಿಗೆ ಹೇಳುವುದಿಲ್ಲ. ಗೊತ್ತಿದೆ ಅಂತ ತೋರಿಸುವುದೂ ಇಲ್ಲ.

ಆ ಸಾಲು ನಿಜವೇ ಇರಬೇಕು. ಬಾರದ ಮಷೀನು ಮನೆ ತುಂಬ ಇದೆ.

ಸಂಜೆ

ದೇವರೇ, ವ್ಯಾನಿನವರು! ಮೊದಲನೇದು ನಿಮಗೇ ಅಂತ ಮಾತು ಕೊಟ್ಟಿದ್ದಾರಲ್ಲ. ಬೇಡ ಅಂತ ಹೇಳಬೇಕು. ಹೋಗಿ ಬೆಲ್ಲು ಒತ್ತಿದೆ. ಬೀಗ. ದೂರದ ಟ್ರಿಪ್ಪಿಗೆ ಹೋಗಿದ್ದಾರಂತೆ. ಫೋನು ಸ್ವಿಚ್ ಆಫ್.

ಇರಲಿ. ಸೀಲ್ ಅಷ್ಟು ಬೇಗ ಒಡೆಯುವುದಿಲ್ಲ. ಕಂಪನಿಯವರ ದುರಾಸೆಯ ಮೇಲೆ ನನಗೆ ಈಗ ಪೂರ್ತಿ ನಂಬಿಕೆ.

ಮಾರ್ಚ್ 28, ಶನಿವಾರ

ಇಂಥ ಬೆಳಗು ಕಂಡು ಎಷ್ಟು ಕಾಲವಾಯಿತು.

ನಾನು ಬೇಕೆಂದೇ ತಡವಾಗಿ ಎದ್ದೆ. ಎದ್ದು ನೋಡಿದರೆ ಅತ್ತೆ ನನಗಿಂತ ತಡ. ನಾನು ಛತ್ರಿ ಹುಡುಕಿದೆ, ಬಿಸಿಲು ಇಲ್ಲ, ಮೋಡ ಇಲ್ಲ. ಅವರು ಹಾಕಿಕೊಂಡಿದ್ದ ಕನ್ನಡಕವನ್ನು ಮನೆಯೆಲ್ಲ ಹುಡುಕಿದರು. ಇಬ್ಬರೂ ‘ಅಯ್ಯೋ ಹೊತ್ತಾಯ್ತು’ ಅಂದುಕೊಳ್ಳುತ್ತಲೇ ಇನ್ನೊಂದು ಲೋಟ ಟೀ ಕುಡಿದೆವು. ಇವರು ಪೇಪರಿನ ಮೇಲಿಂದ ನಮ್ಮನ್ನೇ ನೋಡುತ್ತಿದ್ದರು. ‘ನಿಮಗೆ ಮಷೀನ್ ಬೇಕೋ ಬೇಡವೋ?’

‘ಬೇಕು!’ — ಇಬ್ಬರೂ.

ಸಾಲಿನ ಬಾಲದಲ್ಲಿ ನಿಂತೆವು. ಮುಂದಿನಿಂದ ವಕೀಲರು ನಮ್ಮನ್ನು ಕಂಡು ತಮ್ಮ ಜಾಗ ಬಿಟ್ಟು ಹಿಂದಕ್ಕೇ ಬಂದರು. ‘ದೂರು ಯಾರ ಮೇಲೆ ಅಂತ ತಿಳೀದೆ ವಾರವೆಲ್ಲ ನಿದ್ದೆ ಬಂದಿಲ್ಲಮ್ಮಾ.’

‘ಆ ಸೀಟಿನ ಆಪರೇಟರ್ ಮೇಲೆ’ ಅಂದರು ಅತ್ತೆ. ‘ನಾನು ಕೇಳಿದೆ, ಏನು ತಪ್ಪು ಮಾಡಿದ್ದಾರೆ ಅಂತ. ಎರಡು ದಿನದಿಂದ ಜ್ವರ, ಫೋನ್ ಮಾಡೋಕಾಗಲಿಲ್ಲ, ಯಾಕೆ ಮಾಡಲಿಲ್ಲ ಅಂತ ಆಕೆ ಒಂದು ಮಾತು ವಿಚಾರಿಸಲಿಲ್ಲ, ಅದೇ ದೂರು ಅಂದ್ರು.’

ವಕೀಲರು ಹಣೆ ಚಚ್ಚಿಕೊಂಡು ನಕ್ಕರು. ‘ಇದು ಕೇಸ್ ನಿಲ್ಲುತ್ತಮ್ಮಾ!’

‘ಮಾವನೇ ತಾನೇ?’ ಅಂದೆ. 

‘ಇನ್ಯಾರು? ನಿನ್ನ ಗಂಡ ಬಾತ್‌ರೂಮಲ್ಲಿ ಗುನುಗ್ತಾನಲ್ಲ, ತಾಳ ಇಲ್ಲದೆ. ಎಲ್ಲಿಂದ ಬಂತು ಅಂದುಕೊಂಡಿದ್ದೀಯ?’  ಆಮೇಲೆ, ‘ಮದುವೆ ಆಗಿ ಎಷ್ಟೋ ವರ್ಷದ ಮೇಲೆ ನಾನು ಒಪ್ಪಿಕೊಂಡೆ, ಲೈನ್ ಖಾಲಿ ಇರ್ತಿತ್ತು ಅಂತ. ನಕ್ಕುಬಿಟ್ಟರು. ನಾನು ಕೇಳ್ತಿದ್ದ ನಂಬರ್ ಯಾರದು ಗೊತ್ತಾ ಅಂದ್ರು. ಯಾವುದೋ ಊರಲ್ಲಿ ಮುಚ್ಚಿಹೋದ ಒಂದು ಅಂಗಡಿದಂತೆ. ಅಲ್ಲಿ ಎತ್ತೋರು ಯಾರೂ ಇರಲೇ ಇಲ್ಲವಂತೆ.’

ಶಟರ್ ಯಾವಾಗಲೋ ಎದ್ದಿತ್ತು. ನಾವು ಯಾರೂ ನೋಡಿರಲಿಲ್ಲ. ‘ಸ್ಟಾಕ್ ಮುಗೀತು’ ಅಂತ ಒಳಗಿನಿಂದ ಕೂಗಿದರು.

‘ಅಯ್ಯೋ’ ಅಂದರು ಅತ್ತೆ. ‘ಛೆ’ ಅಂದೆ ನಾನು. ಇಷ್ಟು ಕೆಟ್ಟ ನಟನೆಯನ್ನು ಯಾವ ನಾಟಕದಲ್ಲೂ ನೋಡಿಲ್ಲ.

ಬಸ್ಸಿನಲ್ಲಿ ಒಟ್ಟಿಗೆ ಸೀಟು ಸಿಕ್ಕಿತು. ಮುಂದಿನ ಗಾಜನ್ನು ನೋಡುತ್ತ ಹೇಳಿದೆ — ‘ಏಪ್ರಿಲ್ಲಿನ ಶನಿವಾರಗಳಿಗೂ ಬರೋಣ ಅಲ್ವಾ ಅತ್ತೆ?’ ‘ಇರಿ’ ಅನ್ನುವುದಕ್ಕೆ ನನ್ನಿಂದ ಆದದ್ದು ಇಷ್ಟೇ.

ಗಾಜನ್ನು ನೋಡುತ್ತಲೇ ಅವರು ನನ್ನ ಕೈಮೇಲೆ ಕೈಯಿಟ್ಟರು. ಎಡಗೈ, ಹುಟ್ಟು ಹಾಕುವ ಕೈ.

ಮಾರ್ಚ್ 31, ಸಂಜೆ

ನಾದಿನಿ ಬಂದಿದ್ದಾಳೆ. ಖಾಲಿ ಸೂಟ್‌ಕೇಸ್ ತಂದಿದ್ದಾಳೆ, ಅಮ್ಮನ ಬಟ್ಟೆಗೆ. ಹಾಲ್‌ನಲ್ಲಿ ಮಾತು ಕಾವೇರಿದೆ. ನಾನು ಕೋಣೆಯಲ್ಲಿ, ಕರಡಿನ ನೆಪದಲ್ಲಿ. ಬಾಗಿಲು ಅರ್ಧ ತೆರೆದಿದೆ.  ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

‘ಒಂದು ಆಟದ ಸಾಮಾನಿಗೋಸ್ಕರ ಮಗಳ ಮನೆ ಬೇಡವಾ ಅಮ್ಮಾ?’

‘ಬೇಡ ಅಂದೆನಾ? ಮಷೀನ್ ಬರಲಿ ಅಂದೆ. ನಾವಿಬ್ಬರೂ ಕೂತು ನದಿ ದಾಟಬೇಕು. ದಾಟಿದ ಮಾರನೇ ದಿನ ನಾನೇ ಬರ್ತೀನಿ. ಆಣೆ ಬೇಕಾದ್ರೆ ಮಾಡ್ತೀನಿ.’

‘ಆಣೆ ಮಾಡು ಹಾಗಾದ್ರೆ.’

ಮಾಡಿದರು! ಮಗನ ತಲೆಯ ಮೇಲೆ ಕೈಯಿಟ್ಟು. ಇವರು ಪಾಪ, ಪೇಪರ್ ಓದುತ್ತ ಕೂತವರು, ತಲೆ ಕೊಟ್ಟರು.

‘ಅತ್ತಿಗೆ! ನೀವಾದ್ರೂ ಹೇಳಿ ಬನ್ನಿ.’

ಹೋದೆ. ಟೀವಿಯ ಕೆಳಗಿನ ಖಾಲಿ ಚೌಕ ನೋಡುತ್ತ ಹೇಳಿದೆ: ‘ಸ್ಟಾಕ್ ಬರಲಿ ಕಣಮ್ಮ. ಮಾತು ಕೊಟ್ಟಿದ್ದಾರಲ್ಲ.’

ಅತ್ತೆ ಸರಕ್ಕನೆ ನನ್ನ ಮುಖ ನೋಡಿದರು. ನೇರವಾಗಿ. ನಾನೂ ನೋಡಿದೆ. ಯಾರೂ ಎದ್ದು ಹೋಗಲಿಲ್ಲ.

ನಾದಿನಿ ನಿಟ್ಟುಸಿರು ಬಿಟ್ಟು ಸೂಟ್‌ಕೇಸನ್ನು ಗೋಡೆಗೆ ಒರಗಿಸಿದಳು. ಗೆದ್ದೆವು ಅಂದುಕೊಂಡೆ. ಬಂದು ಇಷ್ಟು ಬರೆದೆ.

ಬೆಲ್ಲು.

ಹೋಗಿ ತೆಗೆದೆ. ಬಾಗಿಲಲ್ಲಿ ವ್ಯಾನಿನವರು. ಬೆವರು, ನಗು, ಎರಡೂ ತೋಳಿನ ನಡುವೆ ಬಿಳಿ ಪೆಟ್ಟಿಗೆ, ಅದರ ಮೇಲೆ ನದಿ. ಅವರ ದನಿ ಹಾಲ್ ದಾಟಿ, ನಾದಿನಿಯನ್ನು ದಾಟಿ, ಬಾಲ್ಕನಿಯವರೆಗೂ ಹೋಯಿತು. ಆಡಿದ ಮಾತನ್ನು ಒಂದೂ ಬಿಡದೆ ಬರೆಯುತ್ತಿದ್ದೇನೆ:

‘ಸೀಲ್ ಒಡೆದುಬಿಟ್ರು ಕಣಮ್ಮಾ! ಬೇರೆ ಕಂಪನಿ ಹೊಸದು ಬಿಡ್ತಿದೆಯಂತೆ, ಅದಕ್ಕೆ ಎಲ್ಲ ಆಚೆ ಹಾಕಿದ್ರು. ಇನ್ನು ಕ್ಯೂ ಇಲ್ಲ ಏನಿಲ್ಲ, ಯಾರಿಗೆ ಬೇಕೋ ಅವರಿಗೆ ಸಿಗುತ್ತೆ. ಮೊದಲನೇದು ನಿಮಗೆ, ಮಾತು ಅಂದ್ರೆ ಮಾತು! ಆದ್ರೆ ಒಂದೇ ಒಂದು — ಒಳಗೆ ಕಂಟ್ರೋಲರ್ ಒಂದೇ ಇರೋದು. ಹಳೇದು ಇದಕ್ಕೆ ಹಾಕೋಕಾಗಲ್ವಂತೆ. ಇಬ್ಬರು ಆಡಬೇಕು ಅಂದ್ರೆ ಇನ್ನೊಂದು ಬೇರೆ ತಗೋಬೇಕು. ಅದು ಮಾತ್ರ ಎಲ್ಲೂ ಸ್ಟಾಕ್ ಇಲ್ಲ ನೋಡಿ. ಶನಿವಾರ ಶನಿವಾರ ಟೋಕನ್ ಕೊಡ್ತಾರಂತೆ, ನೀವು ಮತ್ತೆ ಕ್ಯೂ —’